ಅಕ್ಕಿ, ಬೆಲ್ಲ, ಹಾಲು, ಕಾಫಿ: ಗಾಂಧೀಜಿಯವರ ಪ್ರಕೃತಿ ಚಿಕಿತ್ಸಾ ಚಿಂತನೆಯಲ್ಲಿ ದಿನಬಳಕೆಯ ಆಹಾರ ಪಾನೀಯಗಳು

ಪೀಠಿಕೆ

ನಮ್ಮಲ್ಲಿ ಆಹಾರದ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅರಮನೆಯ ಭೋಜನ, ದೇವಾಲಯದ ನೈವೇದ್ಯ ಮತ್ತು ಹಬ್ಬದ ಅಡುಗೆಗಳ ಸುತ್ತ ನಡೆದಿದೆ. ಶಾಸನಗಳೂ ಕಾವ್ಯಗಳೂ ಒದಗಿಸುವ ಆಕರಗಳು ಅಂತಹವೇ ಆಗಿರುವುದರಿಂದ ಇದು ಸಹಜ. ಆದರೆ ಸಾಮಾನ್ಯ ಜನರು ದಿನವೂ ಉಣ್ಣುವ ಅನ್ನ, ಅದರೊಡನೆ ನಂಜಿಕೊಳ್ಳುವ ಬೆಲ್ಲ, ಕುಡಿಯುವ ಹಾಲು, ಮುಂಜಾನೆಯ ಕಾಫಿ ಇವೂ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ತೀವ್ರವಾದ ಸಾರ್ವಜನಿಕ ಚರ್ಚೆಗೆ ವಸ್ತುವಾದವು. ಆ ಚರ್ಚೆಯನ್ನು ವೈದ್ಯರ ಹಾಗೂ ರಸಾಯನಶಾಸ್ತ್ರಜ್ಞರ ವಲಯದಿಂದ ಜನಸಾಮಾನ್ಯರ ಬಳಿಗೆ ತಂದವರಲ್ಲಿ ಮಹಾತ್ಮ ಗಾಂಧಿಯವರು ಪ್ರಮುಖರು. ಅವರು ಅದನ್ನು ನಡೆಸಿದ್ದು ಪ್ರಕೃತಿ ಚಿಕಿತ್ಸೆಯ ದೃಷ್ಟಿಯಿಂದ.

ಈ ಪ್ರಬಂಧದಲ್ಲಿ ಆ ನಾಲ್ಕು ಪದಾರ್ಥಗಳನ್ನು ಮುಂದಿಟ್ಟುಕೊಂಡು ಗಾಂಧೀಜಿಯವರ ಆಹಾರ ಚಿಂತನೆ ಹೇಗೆ ಬೆಳೆಯಿತು, ಎಲ್ಲಿ ತಿದ್ದುಪಡಿಗೆ ಒಳಗಾಯಿತು, ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಅದರಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ಪರಿಶೀಲಿಸಲಾಗಿದೆ. ವೈಯಕ್ತಿಕ ಸಂಯಮದ ಸಾಧನವಾಗಿ ಆರಂಭಗೊಂಡ ಈ ಚಿಂತನೆ 1934ರ ವೇಳೆಗೆ ಹಳ್ಳಿಯ ಆರ್ಥಿಕತೆಯ ಪ್ರಶ್ನೆಯಾಗಿ ಮಾರ್ಪಟ್ಟಿತು. ಪ್ರಯೋಗಶಾಲೆಯ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡ ಭಾಗ ಗಟ್ಟಿಯಾಗಿ ನಿಂತಿತು, ಒಡ್ಡಿಕೊಳ್ಳದ ಭಾಗ ಕೇವಲ ನಂಬಿಕೆಯಾಗಿ ಉಳಿಯಿತು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಹಿನ್ನೆಲೆ

ಆಹಾರವೇ ಔಷಧ ಎಂಬ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಆಯುರ್ವೇದದ ಪಥ್ಯಾಪಥ್ಯ ವಿಚಾರವು ಮನೆಮನೆಯ ಅಡುಗೆಯಲ್ಲಿ ಬೆರೆತುಹೋಗಿದೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವು ಪಾಕಕ್ರಮಕ್ಕೇ ಮೀಸಲಾದ ಕೃತಿಯಾಗಿದ್ದು, ಅಡುಗೆಯನ್ನು ಶಾಸ್ತ್ರವೆಂದು ಪರಿಗಣಿಸಿದ ಪರಂಪರೆಗೆ ಸಾಕ್ಷಿಯಾಗಿದೆ. ಆದರೆ ‘ಪ್ರಕೃತಿ ಚಿಕಿತ್ಸೆ’ ಎಂಬ ಹೆಸರಿನಲ್ಲಿ ನಾವು ಇಂದು ಗುರುತಿಸುವ ಪದ್ಧತಿ ಆಯುರ್ವೇದದಿಂದ ನೇರವಾಗಿ ಕವಲೊಡೆದದ್ದಲ್ಲ. ಅದರ ಆಧುನಿಕ ರೂಪ ಹತ್ತೊಂಬತ್ತನೆಯ ಶತಮಾನದ ಜರ್ಮನಿಯದು. ಲೈಪ್‌ಜಿಗ್‌ನ ಲೂಯಿ ಕೂನೆ ನೀರಿನ ಚಿಕಿತ್ಸೆಗೂ ಹದವರಿತ ಆಹಾರಕ್ಕೂ ಒತ್ತುಕೊಟ್ಟರೆ, ಹಾರ್ಜ್ ಪರ್ವತ ಪ್ರದೇಶದಲ್ಲಿ 1896ರಲ್ಲಿ ಚಿಕಿತ್ಸಾಧಾಮವನ್ನು ಆರಂಭಿಸಿದ ಅಡಾಲ್ಫ್ ಜಸ್ಟ್ ಮಣ್ಣಿನ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಕೂನೆಯವರ ಗ್ರಂಥ 1894ರಲ್ಲಿಯೇ ತೆಲುಗಿಗೆ ಅನುವಾದಗೊಂಡಿತು. ಈ ಪದ್ಧತಿಗೆ ದಕ್ಷಿಣ ಭಾರತದಲ್ಲಿ ಓದುಗರು ದೊರೆತದ್ದು ಹೀಗೆ ಮುದ್ರಿತ ಪುಸ್ತಕಗಳ ಮೂಲಕ.

ಗಾಂಧೀಜಿಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸಸ್ಯಾಹಾರಿಗಳ ಸಂಘದ ಸಂಪರ್ಕಕ್ಕೆ ಬಂದರು. ತೌಡು ತೆಗೆಯದ ಗೋಧಿ ಹಿಟ್ಟಿನ ರೊಟ್ಟಿಯನ್ನು ಪ್ರತಿಪಾದಿಸುತ್ತಿದ್ದ ಡಾ. ಆಲಿನ್ಸನ್ ಅವರ ವಿಚಾರಗಳು ಅವರ ಗಮನ ಸೆಳೆದದ್ದು ಅಲ್ಲಿಯೇ. 1893ರಲ್ಲಿ ಪ್ರಿಟೋರಿಯಾದಲ್ಲಿ ಬೇಯಿಸದ ಆಹಾರದ ಪ್ರಯೋಗವನ್ನು ಕೈಗೊಂಡು, ದೇಹ ಒಗ್ಗದೆ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಮುಂದೆ ಜೋಹಾನ್ಸ್‌ಬರ್ಗಿನ ಮನೆಯಲ್ಲಿ ಏಳು ಪೌಂಡು ಬೆಲೆಯ ಬೀಸುವ ಯಂತ್ರವನ್ನು ಕೊಂಡು, ಕೈಯಿಂದಲೇ ಹಿಟ್ಟು ಬೀಸಿ, ಕೂನೆಯವರು ತಿಳಿಸಿದ ಕ್ರಮದಲ್ಲಿ ಹುದುಗು ಬರಿಸದ ರೊಟ್ಟಿಯನ್ನು ಮಾಡುತ್ತಿದ್ದ ಸಂಗತಿ ಅವರ ಆತ್ಮಕಥೆಯಲ್ಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದ ಮೂಲಕ ಈ ವಿವರಗಳು ಕನ್ನಡ ಓದುಗರಿಗೂ ಪರಿಚಿತವಾದವು.

1913ರಲ್ಲಿ ಗಾಂಧೀಜಿಯವರು ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಗುಜರಾತಿ ವಿಭಾಗದಲ್ಲಿ ಆರೋಗ್ಯವನ್ನು ಕುರಿತ ಲೇಖನಮಾಲೆಯನ್ನು ಬರೆದರು. 1942ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿತರಾಗಿದ್ದಾಗ ಅದೇ ವಿಷಯವನ್ನು ಹೊಸದಾಗಿ ಬರೆದರು. ‘ಕೀ ಟು ಹೆಲ್ತ್’ ಎಂಬ ಹೆಸರಿನಲ್ಲಿ 1948ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಕೃತಿ ಇದೇ. ಈ ಎರಡು ಬರಹಗಳ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನಡೆದ ಬದಲಾವಣೆಯೇ ನಮ್ಮ ಅಧ್ಯಯನದ ವಸ್ತು.

ಅಕ್ಕಿ: ಒನಕೆಯಿಂದ ಗಿರಣಿಗೆ

ನಾಲ್ಕು ಪದಾರ್ಥಗಳ ಪೈಕಿ ಅಕ್ಕಿಯ ಚರಿತ್ರೆ ಅತ್ಯಂತ ಸಂಕೀರ್ಣವಾದುದು. ಪ್ರಾಣಹಾನಿಯ ಪ್ರಶ್ನೆಯೂ ಅದರಲ್ಲಿ ಅಡಗಿತ್ತು. ಭತ್ತದ ಹೊಟ್ಟನ್ನು ತೆಗೆದ ಬಳಿಕ ಅಕ್ಕಿಕಾಳಿನ ಮೇಲೆ ಕೆಂಪು ಅಥವಾ ಕಂದು ಬಣ್ಣದ ಪದರ ಉಳಿಯುತ್ತದೆ. ಗಿರಣಿಯಲ್ಲಿ ಉಜ್ಜಿದಾಗ ಆ ಪದರವೂ ಮೊಳಕೆಯ ಭಾಗವೂ ತೌಡಾಗಿ ಉದುರಿಹೋಗುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಯಂತ್ರದ ಗಿರಣಿಗಳು ಏಷ್ಯಾದಲ್ಲಿ ಹರಡಿದಂತೆ ಬೆರಿಬೆರಿ ರೋಗವು ಸೆರೆಮನೆ, ಹಡಗು, ಸೈನಿಕರ ಬಿಡಾರಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿತು. ಕಾಲುಗಳ ಶಕ್ತಿ ಕುಂದಿ, ಮೈ ಊದಿಕೊಂಡು, ಹೃದಯ ಸೋತು ಜನರು ಸಾಯುತ್ತಿದ್ದರು.

ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ 1890ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಬಿಳಿ ಅಕ್ಕಿಯನ್ನಷ್ಟೇ ತಿಂದ ಕೋಳಿಗಳು ಇದೇ ಬಗೆಯ ರೋಗಕ್ಕೆ ತುತ್ತಾದವು. ತೌಡನ್ನು ಸೇರಿಸಿದಾಗ ಅವು ಚೇತರಿಸಿಕೊಂಡವು. ಮಲಯಾದಲ್ಲಿ ಫ್ರೇಸರ್ ಮತ್ತು ಸ್ಟ್ಯಾಂಟನ್ ಅವರ ಅಧ್ಯಯನಗಳು ಮನುಷ್ಯರ ವಿಷಯದಲ್ಲೂ ಇದನ್ನು ದೃಢಪಡಿಸಿದವು. ತೌಡಿನಲ್ಲಿದ್ದ ಆ ಸತ್ವವನ್ನು 1926ರಲ್ಲಿ ಜಾನ್ಸನ್ ಮತ್ತು ಡೊನಾತ್ ಬೇರ್ಪಡಿಸಿದರು. 1936ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಇದೇ ಇಂದಿನ ಥಯಾಮಿನ್ ಅಥವಾ ಬಿ1 ಜೀವಸತ್ವ.

ದಕ್ಷಿಣ ಭಾರತದಲ್ಲಿ ಈ ಸಂಶೋಧನೆಯ ನೆಲೆ ನೀಲಗಿರಿಯ ಕೂನೂರು. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಅಲ್ಲಿನ ಪಾಸ್ತರ್ ಸಂಸ್ಥೆಯಲ್ಲಿ ಬೆರಿಬೆರಿ ಕುರಿತ ವಿಚಾರಣೆಯನ್ನು ಆರಂಭಿಸಿದರು. ಮುಂದೆ ಪೌಷ್ಟಿಕತಾ ಸಂಶೋಧನಾಲಯವಾಗಿ ಬೆಳೆದ ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಭಾರತದಲ್ಲಿ ಬೆರಿಬೆರಿಯು ಮುಖ್ಯವಾಗಿ ಆಂಧ್ರದ ಉತ್ತರ ಕರಾವಳಿಯ ಜಿಲ್ಲೆಗಳಿಗೆ ಸೀಮಿತವಾಗಿದ್ದುದು ಅಲ್ಲಿನ ಸಂಶೋಧಕರ ಗಮನಕ್ಕೆ ಬಂದಿತು. ಆ ಪ್ರದೇಶದ ಜನರು ಬೇಯಿಸದ ಭತ್ತವನ್ನು ಗಿರಣಿಯಲ್ಲಿ ಬಿಡಿಸಿದ ಬಿಳಿ ಅಕ್ಕಿಯನ್ನು ಉಣ್ಣುತ್ತಿದ್ದರು.

ಈ ಸಂದರ್ಭದಲ್ಲಿ ಕರ್ನಾಟಕದ ಕರಾವಳಿಯ ಕುಚ್ಚಲಕ್ಕಿಯನ್ನು ನೆನೆಯಬೇಕು. ಭತ್ತವನ್ನು ನೀರಿನಲ್ಲಿ ನೆನೆಸಿ, ಕುದಿಸಿ, ಒಣಗಿಸಿದ ಮೇಲೆ ಅಕ್ಕಿ ಮಾಡುವ ಈ ಕ್ರಮದಲ್ಲಿ ಹೊರಪದರದ ಜೀವಸತ್ವದ ಒಂದು ಪಾಲು ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಆದುದರಿಂದ ಅನಂತರ ಗಿರಣಿಗೆ ಹಾಕಿದರೂ, ತೊಳೆದರೂ ಅದು ಪೂರ್ತಿಯಾಗಿ ನಷ್ಟವಾಗುವುದಿಲ್ಲ. ಮೆಕ್ಯಾರಿಸನ್ ಅವರ ಉತ್ತರಾಧಿಕಾರಿ ಆಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿಗಳು ಕೂನೂರಿನಲ್ಲಿ ನಡೆಸಿ 1940ರಲ್ಲಿ ಪ್ರಕಟಿಸಿದ ಅಕ್ಕಿಯ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಮುಖ್ಯ ಆಹಾರವಾಗಿದ್ದ ರಾಗಿಯ ಕಥೆ ಬೇರೆಯದು. ಕಾಳು ಬಹಳ ಸಣ್ಣದಾದುದರಿಂದ ಅಕ್ಕಿಯಂತೆ ಅದನ್ನು ಉಜ್ಜಿ ಬಿಳುಪಾಗಿಸುವ ರೂಢಿಯೇ ಬೆಳೆಯಲಿಲ್ಲ. ಸಿಪ್ಪೆಸಹಿತ ಬೀಸಿದ ಹಿಟ್ಟೇ ಮುದ್ದೆಯಾಯಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿರುವುದು ಇಂದು ಸರ್ವವಿದಿತ. ಆದರೂ ಬಿಳಿಯ ಅನ್ನವು ಸಿರಿವಂತಿಕೆಯ ಗುರುತಾಗಿ, ಮುದ್ದೆಯು ಬಡತನದ ಗುರುತಾಗಿ ಭಾವಿಸಲ್ಪಟ್ಟಿತು. ಅಕ್ಕಿಯ ಬಿಳುಪಿನ ಹಿಂದೆ ರುಚಿಯಷ್ಟೇ ಅಂತಸ್ತಿನ ಪ್ರಶ್ನೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಗಾಂಧೀಜಿಯವರು ಈ ಪ್ರಶ್ನೆಯನ್ನು ಪೂರ್ಣಪ್ರಮಾಣದಲ್ಲಿ ಎತ್ತಿಕೊಂಡದ್ದು 1934ರ ಕೊನೆಯಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯಕ್ರಮಗಳಲ್ಲಿ ಕೈಯಿಂದ ಕುಟ್ಟಿದ ಅಕ್ಕಿ, ಬೀಸುವ ಕಲ್ಲಿನ ಹಿಟ್ಟು, ಗಾಣದ ಎಣ್ಣೆ ಮತ್ತು ಬೆಲ್ಲ ಇವು ಮೊದಲ ಸಾಲಿನಲ್ಲಿದ್ದವು. ಜೆ. ಸಿ. ಕುಮಾರಪ್ಪನವರು ಸಂಘದ ಕಾರ್ಯದರ್ಶಿಗಳಾಗಿದ್ದರು. ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿಯವರು ವೈದ್ಯರ ಹಾಗೂ ವಿಜ್ಞಾನಿಗಳ ಅಭಿಪ್ರಾಯಗಳನ್ನು ಕೇಳಿ ತರಿಸಿಕೊಂಡು ಪ್ರಕಟಿಸಿದರು. ತಮ್ಮ ನಂಬಿಕೆಗೆ ಪುರಾವೆಯನ್ನು ಪ್ರಯೋಗಶಾಲೆಯಿಂದ ಅಪೇಕ್ಷಿಸಿದ ಈ ನಡೆ ಗಮನಾರ್ಹವಾದುದು. ಅವರ ವಾದಕ್ಕೆ ಎರಡು ಮುಖಗಳಿದ್ದವು. ಗಿರಣಿಯು ಅಕ್ಕಿಯ ಸತ್ವವನ್ನು ಕಿತ್ತುಕೊಳ್ಳುತ್ತದೆ ಎಂಬುದು ಒಂದು. ಭತ್ತ ಕುಟ್ಟಿ ಜೀವಿಸುತ್ತಿದ್ದ ಹಳ್ಳಿಯ ಹೆಂಗಸರ ಕೂಲಿಯನ್ನೂ ಅದು ಕಿತ್ತುಕೊಳ್ಳುತ್ತದೆ ಎಂಬುದು ಮತ್ತೊಂದು. ದೇಹದ ಹಸಿವು ಮತ್ತು ದುಡಿಮೆಯ ಹಸಿವು ಒಂದೇ ಕಾಳಿನಲ್ಲಿ ಅವರಿಗೆ ಕಾಣಿಸಿದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬೇಕು. ಕೈಯಿಂದ ಕುಟ್ಟಿದ ಮಾತ್ರಕ್ಕೆ ಅಕ್ಕಿ ಸತ್ವಯುತವಾಗಿ ಉಳಿಯುವುದಿಲ್ಲ. ಎರಡು ಮೂರು ಬಾರಿ ಒನಕೆಯ ಪೆಟ್ಟು ಕೊಟ್ಟು ಬೆಳ್ಳಗೆ ಮಾಡಿದ ಅಕ್ಕಿಯೂ ತೌಡನ್ನು ಕಳೆದುಕೊಂಡಿರುತ್ತದೆ. ಗಾಂಧೀಜಿಯವರು ಇದನ್ನು ಅರಿತಿದ್ದರು. ಹೊಟ್ಟನ್ನಷ್ಟೇ ಬಿಡಿಸುವ ಬೀಸುಕಲ್ಲಿನ ಬಳಕೆಗೆ ಅವರು ಒತ್ತು ಕೊಟ್ಟದ್ದು ಈ ಕಾರಣದಿಂದ. ಇನ್ನೊಂದೆಡೆ, ಗಿರಣಿಯಿಂದ ಬಂದ ಕುಚ್ಚಲಕ್ಕಿಯಲ್ಲಿ ಜೀವಸತ್ವ ಉಳಿದಿರುತ್ತದೆ. ಅಂದರೆ ಪೋಷಣೆಯ ದೃಷ್ಟಿಯಿಂದ ನಿರ್ಣಾಯಕವಾದುದು ಕೈಯೋ ಯಂತ್ರವೋ ಎಂಬುದಲ್ಲ, ಕಾಳನ್ನು ಹದಗೊಳಿಸುವ ಕ್ರಮ. ಯಂತ್ರದ ವಿರುದ್ಧದ ಆರ್ಥಿಕ ವಾದವೂ ಬಿಳುಪಿನ ವಿರುದ್ಧದ ಆರೋಗ್ಯ ವಾದವೂ ಜೊತೆಯಾಗಿ ಸಾಗಿದರೂ ಅವೆರಡೂ ಒಂದೇ ಅಲ್ಲ. ಈ ಅಂತರವನ್ನು ಗಮನಿಸದೆ ಬರೆದ ಪ್ರಚಾರ ಸಾಹಿತ್ಯವು ಹಲವು ವೇಳೆ ದಾರಿ ತಪ್ಪಿದೆ.

ಸ್ವಾತಂತ್ರ್ಯಾನಂತರ ಕೈಕುಟ್ಟಿನ ಅಕ್ಕಿಯ ರಕ್ಷಣೆಯನ್ನೂ ದೃಷ್ಟಿಯಲ್ಲಿಟ್ಟುಕೊಂಡು 1958ರಲ್ಲಿ ಅಕ್ಕಿ ಗಿರಣಿಗಳ ನಿಯಂತ್ರಣ ಅಧಿನಿಯಮ ಜಾರಿಗೆ ಬಂದಿತು. 1997ರಲ್ಲಿ ಅದನ್ನು ರದ್ದುಪಡಿಸಲಾಯಿತು. ಕಾಯಿದೆಯ ಬೆಂಬಲವಿದ್ದೂ ಒನಕೆ ಸೋತದ್ದೇಕೆ ಎಂಬುದಕ್ಕೆ ಕಾರಣಗಳಿವೆ. ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ತೌಡುಸಹಿತವಾದ ಅಕ್ಕಿ ಬೇಗನೆ ಮುಗ್ಗಲಾಗುತ್ತದೆ, ಹುಳು ಹಿಡಿಯುತ್ತದೆ. ಬೇಯಲು ಹೆಚ್ಚು ಸೌದೆ ಬೇಡುತ್ತದೆ. ಭತ್ತ ಕುಟ್ಟುವ ದುಡಿಮೆಯೂ ಹಗುರವಾದುದಲ್ಲ. ಗಿರಣಿ ಬಂದಾಗ ಹಲವು ಮನೆಗಳ ಹೆಂಗಸರಿಗೆ ಅದು ಬಿಡುಗಡೆಯಂತೆಯೇ ಕಂಡಿರಬೇಕು.

ಬೆಲ್ಲ ಮತ್ತು ಸಕ್ಕರೆ

1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ ದೇಶದಾದ್ಯಂತ ಸಕ್ಕರೆ ಕಾರ್ಖಾನೆಗಳು ವೇಗವಾಗಿ ತಲೆಯೆತ್ತಿದವು. ಕೃಷ್ಣರಾಜಸಾಗರದ ನೀರಾವರಿಯನ್ನು ನೆಚ್ಚಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದರ ಮರುವರ್ಷವೇ ವಾರ್ಧಾದಿಂದ ಬೆಲ್ಲದ ಪರವಾದ ಕರೆ ಹೊರಟಿತು. ಆಲೆಮನೆ ಮತ್ತು ಕಾರ್ಖಾನೆಗಳ ನಡುವಿನ ಈ ಪೈಪೋಟಿಯನ್ನು ಮಂಡ್ಯ ಸೀಮೆಯ ಕಬ್ಬಿನ ಬೆಳೆಗಾರರು ಇಂದಿಗೂ ಬಲ್ಲರು.

ಬೆಲ್ಲದಲ್ಲಿ ಖನಿಜಾಂಶಗಳು ಉಳಿದಿರುತ್ತವೆ, ಬಿಳಿ ಸಕ್ಕರೆಯಲ್ಲಿ ಅವು ಇರುವುದಿಲ್ಲ ಎಂಬುದು ಪ್ರಕೃತಿ ಚಿಕಿತ್ಸಕರ ಪ್ರಧಾನ ವಾದ. ಇದು ನಿಜ; ಆದರೆ ಅದರ ಪ್ರಮಾಣವನ್ನು ಉತ್ಪ್ರೇಕ್ಷಿಸಲಾಗಿದೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಅದರ ಕಬ್ಬಿಣದ ಅಂಶವು ಕೊಪ್ಪರಿಗೆಯ ಲೋಹವನ್ನೂ ಪಾಕದ ಕ್ರಮವನ್ನೂ ಅವಲಂಬಿಸಿ ಬದಲಾಗುತ್ತದೆ. ಮಧುಮೇಹಿಗಳಿಗೆ ಬೆಲ್ಲವು ನಿರಪಾಯಕರ ಎಂಬ ಜನಪ್ರಿಯ ಭಾವನೆಗೆ ಆಧಾರವಿಲ್ಲ. ಗಾಂಧೀಜಿಯವರು ಈ ವಿಷಯದಲ್ಲಿ ತಮ್ಮ ಅನುಯಾಯಿಗಳಿಗಿಂತ ಹೆಚ್ಚು ಸಮತೋಲನ ತೋರಿದ್ದಾರೆ. 1942ರ ಬರಹದಲ್ಲಿ ಅವರು ಸೂಚಿಸಿದ ದಿನದ ಆಹಾರದ ಪಟ್ಟಿಯಲ್ಲಿ ಬೆಲ್ಲ ಅಥವಾ ಬಿಳಿ ಸಕ್ಕರೆ ಒಂದೂವರೆ ಔನ್ಸ್ ಎಂದಿದೆ. ಎರಡರಲ್ಲಿ ಒಂದನ್ನು ನಿಷೇಧಿಸದೆ ಎರಡಕ್ಕೂ ಮಿತಿಯನ್ನು ಹಾಕಿದ್ದು ಇಲ್ಲಿ ಮುಖ್ಯ. ತಾಳೆ, ಈಚಲು ಮರಗಳ ನೀರಾದಿಂದ ಬೆಲ್ಲ ತಯಾರಿಸುವ ಕಾರ್ಯಕ್ರಮದ ಹಿಂದೆಯೂ ಹೆಂಡ ಇಳಿಸುವವರಿಗೆ ಬೇರೊಂದು ಜೀವನೋಪಾಯವನ್ನು ಕಲ್ಪಿಸುವ ಉದ್ದೇಶವಿತ್ತು. ಬೆಲ್ಲದ ಪರವಾದ ವಾದದ ನಿಜವಾದ ಬಲ ಇರುವುದು ಆಲೆಮನೆಯ ದುಡಿಮೆಯಲ್ಲಿ, ಖನಿಜಾಂಶದ ಲೆಕ್ಕದಲ್ಲಲ್ಲ.

ಹಾಲು ಮತ್ತು ಹಸಿ ಆಹಾರ

ಸಿದ್ಧಾಂತಕ್ಕೂ ದೇಹಕ್ಕೂ ನಡುವೆ ತೀವ್ರವಾದ ಸಂಘರ್ಷ ಏರ್ಪಟ್ಟದ್ದು ಹಾಲಿನ ವಿಷಯದಲ್ಲಿ. 1912ರಲ್ಲಿ ಟಾಲ್‌ಸ್ಟಾಯ್ ಆಶ್ರಮದಲ್ಲಿ ಗಾಂಧೀಜಿಯವರು ಹರ್ಮನ್ ಕಾಲೆನ್‌ಬಾಕ್ ಅವರೊಡನೆ ಹಾಲನ್ನು ತ್ಯಜಿಸಿದರು. ಇಂದ್ರಿಯ ನಿಗ್ರಹ ಮತ್ತು ದನಗಳ ಮೇಲಿನ ಹಿಂಸೆ ಎರಡೂ ಇದಕ್ಕೆ ಕಾರಣಗಳಾಗಿದ್ದವು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಆಮಶಂಕೆಗೆ ತುತ್ತಾಗಿ ಅವರು ಸಾವಿನಂಚಿಗೆ ಬಂದರು. ತೊರೆದದ್ದು ಹಸು ಎಮ್ಮೆಗಳ ಹಾಲನ್ನೆಂದು ಅರ್ಥೈಸಿ, ಕಸ್ತೂರಬಾ ಅವರ ಸೂಚನೆಯ ಮೇರೆಗೆ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ. ಆದರೆ ತಮ್ಮ ಅನುಭವವನ್ನು ಅವರು ಮುಚ್ಚಿಡಲಿಲ್ಲ. ಸಸ್ಯಾಹಾರಿಗಳಿಗೆ ಹಾಲು ಅಗತ್ಯವೆಂಬುದನ್ನು ‘ಕೀ ಟು ಹೆಲ್ತ್’ನಲ್ಲಿ ಒಪ್ಪಿಕೊಂಡರು, ದಿನಕ್ಕೆ ಎರಡು ಪೌಂಡು ಹಸುವಿನ ಹಾಲನ್ನು ಪಟ್ಟಿಯಲ್ಲಿ ಮೊದಲಿಗಿಟ್ಟರು.

ಹಸಿ ಆಹಾರದ ಪ್ರಯೋಗದಲ್ಲಿಯೂ ಇದೇ ಪ್ರಾಮಾಣಿಕತೆಯಿದೆ. 1929ರ ಮೇ ತಿಂಗಳಲ್ಲಿ ಮೊಳಕೆ ಬರಿಸಿದ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ ಮತ್ತು ಜೇನುಗಳಿಂದ ಕೂಡಿದ ಆಹಾರವನ್ನು ಅವರು ಆರಂಭಿಸಿ, ಅದರ ವರದಿಯನ್ನು ‘ಯಂಗ್ ಇಂಡಿಯಾ’ದಲ್ಲಿ ಪ್ರಕಟಿಸುತ್ತ ಬಂದರು. ಸೌದೆಯ ಖರ್ಚು ಉಳಿಯುತ್ತದೆ, ಹೆಂಗಸರಿಗೆ ಒಲೆಯ ಮುಂದಿನ ದುಡಿಮೆ ತಪ್ಪುತ್ತದೆ ಎಂಬ ಆಶಯ ಅದರ ಹಿಂದಿತ್ತು. ಆದರೆ ದೇಹ ಕ್ಷೀಣಿಸಿತು; ಆಮಶಂಕೆ ಮರುಕಳಿಸಿ ಆಗಸ್ಟಿನಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಆ ಸೋಲನ್ನೂ ಅವರು ಪತ್ರಿಕೆಯಲ್ಲಿಯೇ ದಾಖಲಿಸಿದರು.

ಹಾಲಿನ ಪ್ರಶ್ನೆಗೆ ಕರ್ನಾಟಕದ ನಂಟೂ ಉಂಟು. 1927ರ ಮಾರ್ಚ್ ತಿಂಗಳಲ್ಲಿ ಅಸ್ವಸ್ಥರಾದ ಗಾಂಧೀಜಿಯವರು ವಿಶ್ರಾಂತಿಗೆಂದು ನಂದಿಬೆಟ್ಟದಲ್ಲಿ ತಂಗಿ, ಜೂನ್ ಆರಂಭದಲ್ಲಿ ಬೆಂಗಳೂರಿಗೆ ಇಳಿದು ಬಂದರು. ಆಗ ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಹಸುಗಳ ಪಾಲನೆಯನ್ನು ಕುರಿತು ತಿಳಿದುಕೊಂಡರು. ಹಾಲಿಗೆ ಬದಲಾಗಿ ಸಸ್ಯಜನ್ಯ ಪದಾರ್ಥವೊಂದನ್ನು ವಿಜ್ಞಾನಿಗಳು ಕಂಡುಹಿಡಿಯಬೇಕೆಂಬುದು ಅವರ ಕೊನೆಯವರೆಗಿನ ಅಪೇಕ್ಷೆಯಾಗಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅದರ ಮೊದಲ ನಿರ್ದೇಶಕ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಕಡಲೆಕಾಯಿಯಿಂದ ಹಾಲಿನಂತಹ ಪಾನೀಯವನ್ನು ತಯಾರಿಸುವ ಸಂಶೋಧನೆ ನಡೆಸಿತು. ಹಾಲಿಗೆ ಕಡಲೆಕಾಯಿಯ ಪ್ರೋಟೀನನ್ನು ಬೆರೆಸಿದ ‘ಮಿಲ್ಟೋನ್’ ಮುಂದೆ ಅಲ್ಲಿಯೇ ರೂಪುಗೊಂಡಿತು.

ಚಹಾ ಮತ್ತು ಕಾಫಿ

ಪಾನೀಯಗಳ ವಿಷಯದಲ್ಲಿ ಗಾಂಧೀಜಿಯವರ ನಿಲುವು ಬಿಗಿಯಾಗಿತ್ತು. ಚಹಾ, ಕಾಫಿ, ಕೋಕೋ ಈ ಮೂರೂ ದೇಹಕ್ಕೆ ಅನಾವಶ್ಯಕವೆಂದೂ, ಚಹಾದಲ್ಲಿರುವ ಟ್ಯಾನಿನ್ ಹಾನಿಕರವೆಂದೂ ಅವರು ಬರೆದರು. ಬಿಸಿನೀರಿಗೆ ಜೇನು ಮತ್ತು ನಿಂಬೆರಸ ಬೆರೆಸಿ ಕುಡಿದರೆ ಸಾಕೆಂಬುದು ಅವರ ಸಲಹೆ. ಅದೇ ಅವಧಿಯಲ್ಲಿ ಈ ಪಾನೀಯಗಳನ್ನು ಜನರಿಗೆ ರೂಢಿಮಾಡಿಸಲು ವ್ಯವಸ್ಥಿತವಾದ ಪ್ರಯತ್ನಗಳು ನಡೆಯುತ್ತಿದ್ದವು. ಬಾಬಾಬುಡನ್ ಗಿರಿಯ ಐತಿಹ್ಯದೊಡನೆ ಬೆಸೆದುಕೊಂಡಿರುವ ಕಾಫಿಗೆ 1930ರ ದಶಕದ ಜಾಗತಿಕ ಆರ್ಥಿಕ ಮುಗ್ಗಟ್ಟಿನಿಂದ ಬೆಲೆ ಕುಸಿದಾಗ, ದೇಶದೊಳಗೇ ಮಾರುಕಟ್ಟೆಯನ್ನು ಹುಡುಕುವುದು ಅನಿವಾರ್ಯವಾಯಿತು. ಕಾಫಿ ಸೆಸ್ ಸಮಿತಿ 1935ರಲ್ಲಿ ರಚನೆಯಾಯಿತು. ಮರುವರ್ಷ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕಾಫಿ ಮಂಡಳಿಗೆ ಕಾನೂನಿನ ಆಧಾರ ದೊರೆತ 1942ರಲ್ಲಿಯೇ ಗಾಂಧೀಜಿಯವರು ಸೆರೆಯಲ್ಲಿ ಕುಳಿತು ಕಾಫಿ ಬೇಡವೆಂದು ಬರೆಯುತ್ತಿದ್ದರು. ಗೆದ್ದದ್ದು ಕಾಫಿ.

ಇಂದಿನ ಅಧ್ಯಯನಗಳು ಮಿತವಾದ ಕಾಫಿಯಿಂದ ಆರೋಗ್ಯವಂತ ವಯಸ್ಕರಲ್ಲಿ ಹೆಚ್ಚಿನವರಿಗೆ ಹಾನಿಯಿಲ್ಲವೆಂದು ತಿಳಿಸುತ್ತವೆ. ಹೀಗಾಗಿ ಸಂಪೂರ್ಣ ನಿಷೇಧಕ್ಕೆ ಆಧಾರ ಸಾಲದು. ಆದರೆ ಊಟದೊಡನೆ ಚಹಾ ಕಾಫಿ ಸೇವಿಸಿದರೆ ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳುವುದು ಕುಗ್ಗುತ್ತದೆ ಎಂಬುದು ಸಿದ್ಧವಾದ ಸಂಗತಿ. ಹೆಂಗಸರಲ್ಲಿ ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ಸಮಾಜದಲ್ಲಿ ಟ್ಯಾನಿನ್ನಿನ ಬಗೆಗಿನ ಆ ಹಳೆಯ ಆತಂಕ ಪೂರ್ತಿಯಾಗಿ ನಿರಾಧಾರವಾದುದಲ್ಲ.

ಇತಿಮಿತಿಗಳು

ಈ ಚಿಂತನೆಯ ದೋಷಗಳನ್ನು ಹೇಳದೆ ಬಿಡುವುದು ಇತಿಹಾಸಕಾರನಿಗೆ ಸಲ್ಲದು. 1913ರ ಲೇಖನಮಾಲೆಯಲ್ಲಿ ಸಿಡುಬಿನ ಲಸಿಕೆಯನ್ನು ವಿರೋಧಿಸಲಾಗಿತ್ತು. ಭಾರತದಿಂದ ಸಿಡುಬು 1975ರಲ್ಲಿ ಮರೆಯಾದದ್ದು ಲಸಿಕೆಯಿಂದ, ಆಹಾರ ನಿಯಮದಿಂದಲ್ಲ. ಗಾಂಧೀಜಿಯವರೇ 1924ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರುಳುಬಾಲದ ಶಸ್ತ್ರಚಿಕಿತ್ಸೆಗೆ ಒಳಗಾದರು. ಎಲ್ಲ ರೋಗಗಳಿಗೂ ಮೂಲ ಒಂದೇ, ಮದ್ದೂ ಒಂದೇ ಎಂಬ ಕೂನೆಯವರ ತತ್ವ ಅವರ ಬದುಕಿನಲ್ಲಿಯೇ ನಿಲ್ಲಲಿಲ್ಲ.

ಮತ್ತೊಂದು ಪ್ರಶ್ನೆ ವರ್ಗಕ್ಕೆ ಸಂಬಂಧಿಸಿದ್ದು. ಬಾದಾಮಿ, ಜೇನು, ಹಣ್ಣು, ಎರಡು ಪೌಂಡು ಹಾಲು ಇವು ಯಾವ ಬಡವನ ಮನೆಯಲ್ಲಿದ್ದವು? ಈ ಪ್ರಶ್ನೆಯನ್ನು ಕೊನೆಗೆ ಗಾಂಧೀಜಿಯವರು ತಮಗೆ ತಾವೇ ಹಾಕಿಕೊಂಡರು. ಪುಣೆಯಲ್ಲಿ ಡಾ. ದಿನಶಾ ಮೆಹತಾ ಅವರ ಚಿಕಿತ್ಸಾಲಯವನ್ನು ಬಡವರಿಗಾಗಿ ನಡೆಸುವ ಉದ್ದೇಶದಿಂದ 1945ರ ನವೆಂಬರ್ 18ರಂದು ಟ್ರಸ್ಟೊಂದು ರೂಪುಗೊಂಡಿತು. ಆದರೆ ನಗರದ ನಡುವಿನ ಚಿಕಿತ್ಸಾಲಯ ಬಡವರದಾಗಲಾರದೆಂದು ಅರಿತು, 1946ರ ಮಾರ್ಚಿನಲ್ಲಿ ಅವರು ಸಮೀಪದ ಉರುಳಿ ಕಾಂಚನ ಗ್ರಾಮಕ್ಕೆ ಹೋಗಿ ಹಳ್ಳಿಗರಿಗೆ ಚಿಕಿತ್ಸೆ ನೀಡಿದರು. ಆ ಕಾರ್ಯವನ್ನು ಮಣಿಭಾಯಿ ದೇಸಾಯಿಯವರು ಮುಂದುವರಿಸಿದರು. ಪುಣೆಯ ಅದೇ ತಾಣದಲ್ಲಿ ಇಂದು ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯಿದೆ. 2018ರಿಂದ ನವೆಂಬರ್ 18ನ್ನು ಪ್ರಕೃತಿ ಚಿಕಿತ್ಸಾ ದಿನವೆಂದು ಆಚರಿಸಲಾಗುತ್ತಿದೆ. ಕರ್ನಾಟಕದಲ್ಲಿ ಉಜಿರೆಯ ಕಾಲೇಜು 1989ರಿಂದ ಈ ಪದ್ಧತಿಗೆ ಶೈಕ್ಷಣಿಕ ನೆಲೆಯನ್ನು ಒದಗಿಸಿದೆ.

ಉಪಸಂಹಾರ

ಒಟ್ಟಿನಲ್ಲಿ ನೋಡುವಾಗ ನಾಲ್ಕು ಪದಾರ್ಥಗಳ ವಿಷಯದಲ್ಲಿ ಇತಿಹಾಸದ ತೀರ್ಪು ಒಂದೇ ಬಗೆಯದಾಗಿಲ್ಲ. ಅಕ್ಕಿಯ ಬಗೆಗಿನ ಎಚ್ಚರಿಕೆ ವಿಜ್ಞಾನದಿಂದ ಸಮರ್ಥಿತವಾಯಿತು. ಬೆಲ್ಲದ ವಾದ ಆರೋಗ್ಯಕ್ಕಿಂತ ಜೀವನೋಪಾಯದ ದೃಷ್ಟಿಯಿಂದ ಸಾರ್ಥಕವಾದುದು. ಹಾಲಿನ ವಿಷಯದಲ್ಲಿ ಸಿದ್ಧಾಂತವು ಅನುಭವಕ್ಕೆ ತಲೆಬಾಗಿತು. ಕಾಫಿಯ ನಿಷೇಧ ನಿಲ್ಲಲಿಲ್ಲ. ಅದರ ಹಿಂದಿನ ಒಂದು ಶಂಕೆ ಮಾತ್ರ ಉಳಿಯಿತು.

ಸಿರಿಧಾನ್ಯಗಳೂ ತೌಡುಸಹಿತವಾದ ಅಕ್ಕಿಯೂ ನಗರದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿರುವ, ನ್ಯಾಯಬೆಲೆ ಅಂಗಡಿಯಿಂದ ಬಡವರ ಮನೆಗೆ ಬಿಳಿ ಅಕ್ಕಿಯೇ ಹೆಚ್ಚಾಗಿ ಹೋಗುತ್ತಿರುವ ಈ ಕಾಲದಲ್ಲಿ 1934ರ ಆ ಚರ್ಚೆಗೆ ಹೊಸ ಅರ್ಥ ಬಂದಿದೆ. ಅಂದು ಬಿಳುಪು ಸಿರಿವಂತರ ಗುರುತಾಗಿತ್ತು. ಇಂದು ತೌಡು ಅವರ ಗುರುತಾಗುತ್ತಿದೆ. ಒಳ್ಳೆಯ ಆಹಾರ ಯಾವುದು ಎಂದು ಕೇಳುವಾಗ ಅದು ಯಾರಿಗೆ ದೊರೆಯುತ್ತದೆ, ಅದನ್ನು ಸಿದ್ಧಪಡಿಸುವ ಕೈಗಳಿಗೆ ಏನು ದೊರೆಯುತ್ತದೆ ಎಂದೂ ಕೇಳಬೇಕೆಂಬುದು ಗಾಂಧೀಜಿಯವರ ಆಹಾರ ಚಿಂತನೆ ಬಿಟ್ಟುಹೋಗಿರುವ ಮುಖ್ಯ ಪಾಠ. ಕನ್ನಡ ನಾಡಿನ ರಾಗಿ, ಕುಚ್ಚಲಕ್ಕಿ, ಆಲೆಮನೆಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಬರೆಯುವ ಕೆಲಸ ಸಂಶೋಧಕರ ಮುಂದಿದೆ.